ಅವರಿಗೆ ನೋವು ಕೊಡು ಎಂದು ಬೇಡಿಕೊಂಡೆ

ನಮ್ಮ ಯಜಮಾನರ ಎಡಗಿವಿ ಸೋರುತ್ತದೆ ಎಂಬುದು ಮದುವೆಯಾದ ಎಂಟನೇ ದಿನಕ್ಕೆ ನನಗೆ ಗೊತ್ತಾಯಿತು. ದಿಂಬಿನ ಬಟ್ಟೆಯ ಮೇಲೆ ಹಳದಿ ಕಲೆ ಇತ್ತು. ಕೇಳಿದ್ದಕ್ಕೆ, "ಎಂತದ್ದೂ ಇಲ್ಲ, ಅದು ಚಿಕ್ಕಂದಿನಿಂದ ಉಂಟು" ಎಂದರು. ಇಪ್ಪತ್ತೆರಡು ವರ್ಷ ನಾನು ಆ ದಿಂಬಿನ ಬಟ್ಟೆ ಒಗೆದೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆಯ ಎರಡು ಹನಿ, ಮೇಲೆ ಒಂದು ಚೂರು ಹತ್ತಿ, ಅದಕ್ಕೆ ನಾವು ಮಾಡಿದ ಮದ್ದು ಇಷ್ಟೇ. ಆ ಕಿವಿಯ ಕೀವು ಒಂದು ದಿನ ಮೆದುಳಿಗೆ ದಾರಿ ಮಾಡಿಕೊಳ್ಳುತ್ತದೆ ಎಂದು ನಾವು ಕನಸಿನಲ್ಲೂ ಎಣಿಸಿರಲಿಲ್ಲ.

ನಾನು ಮಣ್ಣಗುಡ್ಡದಲ್ಲಿ ಮನೆಯಿರುವ ಶಾಲಾ ಶಿಕ್ಷಕಿ. ಇದನ್ನು ಓದುವವರಲ್ಲಿ ಬಹಳ ಮಂದಿ ನನ್ನನ್ನು ದೇವಿಯ ಮಂದಿರದ ಶುಕ್ರವಾರದ ಭಜನೆಯಲ್ಲಿ ತಾಳ ಹಿಡಿದು ಕೂತ ಹೆಂಗಸರ ನಡುವೆ ನೋಡಿದ್ದೀರಿ. "ಟೀಚರೇ, ಅಮ್ಮ ನಿಮಗೆ ನಡೆಸಿಕೊಟ್ಟದ್ದನ್ನು ಬರೆದುಕೊಡಿ" ಎಂದು ಮಂದಿರದವರು ಮೂರು ವರ್ಷದಿಂದ ಕೇಳುತ್ತಿದ್ದಾರೆ. ನಾನು ಶಾಲೆಯ ಕೆಲಸದ ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ನಿಜ ಏನೆಂದರೆ, ಅಮ್ಮನ ಕೃಪೆಯನ್ನು ಬರೆಯಬೇಕಾದರೆ ನಾನು ಮಾಡಿದ ತಪ್ಪನ್ನೂ ಬರೆಯಬೇಕು. ಅದನ್ನು ಬಿಟ್ಟು ಬರೆದರೆ ಅಮ್ಮನ ಎದುರು ಸುಳ್ಳು ಹೇಳಿದಂತಾಗುತ್ತದೆ.

ಯಜಮಾನರದು ಗುತ್ತಿನ ಮನೆತನ, ಊರಿನ ದೈವದ ಕಟ್ಟುಕಟ್ಟಳೆ ನಡೆಸಿಕೊಂಡು ಬಂದ ಮನೆ. ಪೇಟೆಯಲ್ಲಿ ಹಂಚಿನ ಡಿಪೋ ನಡೆಸುತ್ತಿದ್ದರೂ, ಸೋದರಮಾವ ತೀರಿಕೊಂಡ ಮೇಲೆ ಊರಿನಲ್ಲಿ ಗಡಿ ಹಿಡಿದವರು ಅವರೇ. ಅಂದರೆ ವರ್ಷದ ನೇಮದ ದಿನ, ದೈವ ಕಟ್ಟಿದವನ ಮೈಮೇಲೆ ದೈವ ಬಂದಾಗ, ಇಡೀ ಮನೆತನದ ಪರವಾಗಿ ದೈವದ ಎದುರು ನಿಂತು ಮಾತು ಕೊಡುವವರು. ದೈವ "ಸುಖವೋ" ಎಂದು ಕೇಳಿದಾಗ ಗಡಿಯವನು ಊರಿನ ಕಷ್ಟ ಹೇಳಬಹುದು, ತನ್ನ ಮೈಯ ದೂರು ಹೇಳಬಾರದು ಎಂದು ಆ ಮಾವ ಇವರಿಗೆ ಎಳವೆಯಲ್ಲೇ ಕಲಿಸಿದ್ದರು. ದೈವದ ಎದುರು ಕಲಿತ ಪಾಠವನ್ನು ಇವರು ಮನೆಯಲ್ಲೂ ಡಿಪೋದಲ್ಲೂ ನಡೆಸಿದರು. ಲಾರಿಯಿಂದ ಹಂಚು ಜಾರಿ ಕಾಲಿನ ಉಗುರು ಕಿತ್ತು ಬಂದ ದಿನವೂ ಅದೇ ಮಾತು, ಎಂತದ್ದೂ ಇಲ್ಲ. ನನಗೂ ಅದರಲ್ಲಿ ಸ್ವಲ್ಪ ಹೆಮ್ಮೆ ಇತ್ತು, ಯಾಕೆ ಸುಳ್ಳು ಹೇಳಲಿ. ನೆಗಡಿಯಾದರೆ ಕಂಬಳಿ ಹೊದ್ದು ನರಳುವ ಗಂಡಸರ ಸುದ್ದಿ ಸ್ಟಾಫ್ ರೂಮಿನಲ್ಲಿ ಬಂದಾಗ ನಾನು ಮಾತಾಡದೆ ನಗುತ್ತಿದ್ದೆ.

೧೯೮೧ನೇ ಇಸವಿಯ ಆಟಿ ತಿಂಗಳು, ಜಡಿಮಳೆಯ ಕಾಲ. ಮೊದಲು ಜ್ವರ ಬಂತು, ಬಿಟ್ಟಿತು, ಮತ್ತೆ ಬಂತು. ಆಮೇಲೆ ಮಾತು ತಪ್ಪತೊಡಗಿತು. ಚೊಂಬು ಕೊಡು ಎನ್ನುವ ಬದಲು ಕೊಡೆ ಕೊಡು ಎಂದರು, ಕೊಡೆ ಕೊಟ್ಟರೆ ಸಿಟ್ಟು ಮಾಡಿದರು. ಒಂದು ಬೆಳಿಗ್ಗೆ ಕಾಫಿಯ ಲೋಟ ಬಲಗೈಯಿಂದ ಜಾರಿ ಬಿತ್ತು. ಬಿದ್ದದ್ದು ಅವರ ಗಮನಕ್ಕೇ ಬರಲಿಲ್ಲ, ಖಾಲಿ ಕೈಯನ್ನು ಬಾಯಿಗೆ ಒಯ್ದರು. ಅದನ್ನು ನೋಡಿದ ಕೂಡಲೇ ಡಾಕ್ಟರಿಗೆ ಹೇಳಿಕಳಿಸಿದೆ. ಮನೆ ಡಾಕ್ಟರು ಬಂದವರೇ ಕಿವಿಗೆ ಟಾರ್ಚ್ ಹಿಡಿದು, ಕಣ್ಣಿಗೆ ಹಿಡಿದು, ಈಗಲೇ ಫಳ್ನೀರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಚೀಟಿ ಬರೆದರು. ಆ ಆಸ್ಪತ್ರೆಯಲ್ಲಿ ತಲೆಯ ಓಪರೇಶನ್ ಮಾಡುವ ಡಾಕ್ಟರೊಬ್ಬರಿದ್ದರು.

ಕುತ್ತಿಗೆಯ ನಾಳಕ್ಕೆ ಮದ್ದು ಬಿಟ್ಟು ಎಕ್ಸ್‌ರೇ ತೆಗೆದರು. ಎಡಗಿವಿಯ ಮೇಲೆ, ಮೆದುಳಿನ ಒಳಗೆ, ನಿಂಬೆಹಣ್ಣಿನಷ್ಟು ದೊಡ್ಡ ಕೀವಿನ ಗಂಟು.

"ಇಷ್ಟು ಆಗುವಾಗ ತಲೆ ಸಿಡಿದು ಹೋಗುವಷ್ಟು ನೋವು ಇರಬೇಕಿತ್ತು. ಒಂದು ಸಲವೂ ಹೇಳಲಿಲ್ವಾ ಇವರು?" ಎಂದು ಡಾಕ್ಟರು ಕೇಳಿದರು.

"ಅವರು ಹೇಳುವವರಲ್ಲ" ಎಂದೆ. ಅದನ್ನೂ ಹೆಮ್ಮೆಯಿಂದಲೇ ಹೇಳಿದೆನೋ ಏನೋ.

ಅಷ್ಟರಲ್ಲಿ ಕಾವೂರಿನಿಂದ ಬಸ್ಸು ಹಿಡಿದು ಯಜಮಾನರ ಅಕ್ಕ ಬಂದರು. ನಾನೂ ಅವರನ್ನು ಅಕ್ಕ ಎಂದೇ ಕರೆಯುವುದು. ಮನೆತನದಲ್ಲಿ ಅವರ ಮಾತಿಗೆ ಎದುರಿಲ್ಲ. ಒದ್ದೆ ಕೊಡೆಯನ್ನು ಮೂಲೆಗಿಟ್ಟು ನೇರ ಡಾಕ್ಟರ ಕೋಣೆಗೆ ನಡೆದರು. "ಆಟಿಯಲ್ಲಿ ಬೇಡ ಡಾಕ್ಟ್ರೇ. ಆಟಿಯಲ್ಲಿ ದೈವಗಳು ಘಟ್ಟ ಹತ್ತಿ ಹೋಗಿರ್ತವೆ, ಕಾಯಲಿಕ್ಕೆ ಯಾರಿದ್ದಾರೆ ಇಲ್ಲಿ? ಮುಂದಿನ ಸೋಣ ತಿಂಗಳು ಬರಲಿ, ಮತ್ತೆ ಮಾಡುವ."

ಡಾಕ್ಟರು ಸಿಟ್ಟು ಮಾಡಲಿಲ್ಲ. "ಸೋಣದವರೆಗೆ ನಿಮ್ಮ ತಮ್ಮ ಇರುವುದಿಲ್ಲ ಅಮ್ಮ" ಎಂದರು.

ಅಕ್ಕ ಹಾಗೇ ಬೆಂಚಿನ ಮೇಲೆ ಕೂತುಬಿಟ್ಟರು.

ಇನ್ನೊಂದು ಕಷ್ಟವಿತ್ತು. ಯಜಮಾನರಿಗೆ ದಮ್ಮು. ಆ ಜ್ವರದಲ್ಲಿ, ಆ ಎದೆಯಲ್ಲಿ, ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಮತ್ತೆ ಎಬ್ಬಿಸುವ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿದರು. ತಲೆಯ ಚರ್ಮಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಡುತ್ತೇವೆ, ಇವರು ಎಚ್ಚರವಾಗಿಯೇ ಇರುತ್ತಾರೆ, ಬುರುಡೆಗೆ ಒಂದು ತೂತು ಕೊರೆದು ಸೂಜಿಯಿಂದ ಕೀವು ಎಳೆಯುತ್ತೇವೆ ಎಂದರು. ನಾನು ನನಗೆ ತಿಳಿಯದೆಯೇ ನನ್ನ ತಲೆಯನ್ನು ಮುಟ್ಟಿ ನೋಡಿಕೊಂಡೆ.

"ಮೆದುಳಿಗೆ ಸೂಜಿ ಚುಚ್ಚುವಾಗ?" ಎಂದೆ.

"ಮೆದುಳಿಗೆ ನೋವು ಅಂದರೆ ಗೊತ್ತಿಲ್ಲ ಟೀಚರ್. ಕೊಯ್ದರೂ ಅದಕ್ಕೆ ತಿಳಿಯುವುದಿಲ್ಲ. ಆದರೆ ಅದಕ್ಕೆ ಸಿಟ್ಟು ಬರ್ತದೆ. ಕಾಲಿಗೆ ಮುಳ್ಳು ಹೆಟ್ಟಿದರೆ ಸುತ್ತ ಕೆಂಪಾಗಿ ಬಾತುಕೊಳ್ತದಲ್ಲ, ಇದೂ ಹಾಗೆ. ಬಾವು ಬರುವುದು ಶರೀರ ತನ್ನನ್ನು ತಾನು ಕಾಯಲಿಕ್ಕೆ. ಕಾಲಿಗಾದರೆ ಬಾತುಕೊಳ್ಳಲಿಕ್ಕೆ ಜಾಗ ಉಂಟು. ತಲೆಬುರುಡೆಯ ಒಳಗೆ ಎಲ್ಲಿ ಜಾಗ ಉಂಟು ಹೇಳಿ. ಕಾಯಲಿಕ್ಕೆ ಬಂದ ಬಾವೇ ಜೀವ ತೆಗೀತದೆ. ನನಗೆ ಹೆದರಿಕೆ ಓಪರೇಶನ್ನಿನದ್ದಲ್ಲ, ಆಮೇಲಿನ ಮೂರು ದಿನದ್ದು. ತಲೆನೋವು ಹೆಚ್ಚಾದರೆ ಅವರು ಹೇಳಬೇಕು. ಅವರು ಹೇಳದಿದ್ದರೆ ನೀವು ಹೇಳಬೇಕು. ತಿಳೀತಲ್ಲ?"

ತಿಳಿಯಿತು ಎಂದೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನನಗೆ ಮೊದಲೇ ಹೇಳಿದ್ದರು.

ಮರುದಿನ ಬೆಳಿಗ್ಗೆ ತಲೆ ಬೋಳಿಸಿದರು. ಸಾವಿನ ಮನೆಯಲ್ಲಿ ಬಿಟ್ಟು ಬೇರೆ ಕಡೆ ನಮ್ಮಲ್ಲಿ ಗಂಡಸರು ತಲೆ ಬೋಳಿಸುವುದಿಲ್ಲ. ಅಕ್ಕ ಆ ತಲೆಯನ್ನು ನೋಡಲಾರದೆ ಗೋಡೆಯ ಕಡೆಗೆ ತಿರುಗಿ ನಿಂತರು. ಗಾಡಿಯಲ್ಲಿ ಮಲಗಿಸಿ ಒಳಗೆ ದೂಡಿಕೊಂಡು ಹೋಗುವಾಗ ನಾನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಅಮ್ಮನ ಕುಂಕುಮವನ್ನು ಗಟ್ಟಿ ಹಿಡಿದುಕೊಂಡು ಒಂದೇ ಮಾತು ಬೇಡಿಕೊಂಡೆ. ಅಮ್ಮಾ, ಅವರಿಗೆ ನೋವಾಗದ ಹಾಗೆ ಮಾಡು. ಬದುಕಿಸು ಎಂದು ಕೇಳಲೂ ಅಂದು ಬುದ್ಧಿ ಓಡಲಿಲ್ಲ. ಎಚ್ಚರವಿದ್ದ ಮನುಷ್ಯನ ತಲೆ ಕೊರೆಯುತ್ತಾರೆ ಎಂಬುದೊಂದೇ ನನ್ನ ತಲೆಯಲ್ಲಿ ಇದ್ದದ್ದು.

ಒಂದೂವರೆ ಗಂಟೆಯಾದ ಮೇಲೆ ಡಾಕ್ಟರು ಹೊರಗೆ ಬಂದರು. ಬೆವೆತಿದ್ದರು. "ಕೀವು ಬಂತು. ಇಂಥ ಗಟ್ಟಿ ಮನುಷ್ಯರನ್ನು ನಾನು ನೋಡಿದ್ದೇ ಇಲ್ಲ ಮಾರಾಯ್ರೆ. ಕೊರೆಯುವಾಗ ಮಧ್ಯೆ ಮಧ್ಯೆ ನೋವುಂಟಾ ಕೇಳ್ತಾ ಇದ್ದೆ. ಇಲ್ಲ ಇಲ್ಲ ಅಂತಲೇ ಹೇಳಿದ್ರು" ಎಂದರು. ನಾನು ಅಲ್ಲಿಯೇ ಅಮ್ಮನಿಗೆ ಕೈಮುಗಿದೆ. ಕೇಳಿದ್ದು ಸಿಕ್ಕಿತು ಎಂದುಕೊಂಡೆ. ಒಂದು ಕಡೆ ಇಂಜೆಕ್ಷನ್ ಸರಿಯಾಗಿ ಹಿಡಿದಿರಲಿಲ್ಲ, ಬಡಗಿ ಬಾಗಿಲಿಗೆ ತೂತು ತೆಗೆದ ಹಾಗೆ ಪೂರ್ತಿ ತಿಳಿಯುತ್ತಿತ್ತು ಎಂದು ಯಜಮಾನರು ನನಗೆ ಹೇಳಿದ್ದು ಒಂದು ವರ್ಷದ ನಂತರ.

ಓಪರೇಶನ್ ಆದ ಎರಡನೇ ದಿನ ಸಂಜೆ ಡಾಕ್ಟರು ರೌಂಡ್ಸಿಗೆ ಬಂದರು. "ತಲೆನೋವು ಹೇಗುಂಟು?"

"ಎಂತದ್ದೂ ಇಲ್ಲ" ಎಂದರು ಯಜಮಾನರು.

ಡಾಕ್ಟರು ನನ್ನ ಕಡೆ ನೋಡಿದರು. ಬಂಧುಗಳೇ, ಮಧ್ಯಾಹ್ನದಿಂದ ಯಜಮಾನರು ಮಂಚದ ಕಬ್ಬಿಣದ ಸರಳನ್ನು ಬಿಡದೆ ಹಿಡಿದಿದ್ದರು. ಬೆರಳ ಗೆಣ್ಣು ಬೆಳ್ಳಗಾಗಿತ್ತು. ಊಟದ ತಟ್ಟೆ ಮುಟ್ಟಿರಲಿಲ್ಲ, ಎರಡು ಸಲ ವಾಂತಿಯಾಗಿತ್ತು, ಅದನ್ನು ಸಿಸ್ಟರಿಗೆ ಹೇಳಬೇಡ ಎಂದು ಕಣ್ಣಿನಲ್ಲೇ ಹೇಳಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ವಾರ್ಡಿನಲ್ಲಿ ಅಕ್ಕ ಇದ್ದರು, ಊರಿನಿಂದ ನೋಡಲು ಬಂದ ನಾಲ್ಕು ಗಂಡಸರಿದ್ದರು. ಗಡಿ ಹಿಡಿದ ಮನುಷ್ಯ ಇಲ್ಲ ಎಂದ ಮೇಲೆ ಅವರ ಹೆಂಡತಿ ಉಂಟು ಎನ್ನುವುದು ಹೇಗೆ? ನಾನು ತಲೆ ತಗ್ಗಿಸಿದೆ. ಡಾಕ್ಟರು ಚೀಟಿಯಲ್ಲಿ ಏನೋ ಬರೆದು ಮುಂದಿನ ಮಂಚಕ್ಕೆ ಹೋದರು. ನನ್ನ ತಪ್ಪು ಇದೇ. ಒಂದು ಮಾತು ಆಡುವುದಿತ್ತು, ಆಡಲಿಲ್ಲ.

ಬೆಳಿಗ್ಗೆ ಅವರು ಏಳಲಿಲ್ಲ. ಅಲುಗಾಡಿಸಿದೆ, ಮುಖಕ್ಕೆ ನೀರು ಹಚ್ಚಿದೆ. ಸಿಸ್ಟರ್ ಓಡಿ ಬಂದು ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ಬಂದ ಹಾಗೇ ಓಡಿಹೋದರು. ಡಾಕ್ಟರು ಬಂದು ಎದೆಯ ಚರ್ಮವನ್ನು ಜೋರಾಗಿ ಚಿವುಟಿದರು. ನೀಲಿಯಾಗುವಷ್ಟು ಚಿವುಟಿದರು. ಯಜಮಾನರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಮೆದುಳು ಬಾತುಕೊಂಡಿದೆ" ಎಂದರು. ಹಳೆಯ ತೂತಿನಿಂದಲೇ ಮತ್ತೆ ಸೂಜಿ ಹಾಕಿ ನೋಡುತ್ತೇನೆ ಎಂದು ಒಯ್ದರು. ಈ ಸಲ ಮರಗಟ್ಟಿಸುವ ಇಂಜೆಕ್ಷನ್ ಇಲ್ಲವೇ ಎಂದು ನಾನು ಸಿಸ್ಟರನ್ನು ಕೇಳಿದೆ. ಆಕೆ ನನ್ನ ಕೈ ಹಿಡಿದು ಹೇಳಿದರು. "ಬೇಡ ಅಮ್ಮ. ಅವರಿಗೆ ಗೊತ್ತಾಗುವುದಿಲ್ಲ."

ನೋವಾಗದ ಹಾಗೆ ಮಾಡು ಎಂದು ಕೇಳಿದ್ದೆನಲ್ಲ. ನಾನು ಬೇಡಿದ್ದು ಪೂರ್ತಿಯಾಗಿ ಸಿಕ್ಕಿದ್ದು ಆವತ್ತು.

ಸ್ವಲ್ಪ ಕೀವು ಬಂತು. ಬಾವು ಇಳಿಯಲು ಡ್ರಿಪ್ಪಿನಲ್ಲಿ ಒಂದು ಮದ್ದು ಕೊಡುತ್ತಿದ್ದರು. ಆಟಿ ಮಳೆಯ ಚಳಿಗೆ ಅದು ಬಾಟಲಿಯೊಳಗೆ ಕಲ್ಲುಸಕ್ಕರೆಯ ಪುಡಿಯಂತೆ ಹರಳುಗಟ್ಟುತ್ತಿತ್ತು. ಸಿಸ್ಟರ್ ಪ್ರತಿ ಬಾಟಲಿಯನ್ನೂ ಬಿಸಿನೀರಿನ ಬೇಸಿನಿನಲ್ಲಿ ಹಿಡಿದು, ಕರಗುವವರೆಗೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿ, ಆರಿಸಿ ಏರಿಸುತ್ತಿದ್ದರು. ಡಾಕ್ಟರು ನನಗೂ ಒಂದು ಕೆಲಸ ಕೊಟ್ಟರು. ಗಂಟೆಗೊಮ್ಮೆ ಅವರ ಎಡಗೈಯ ಉಗುರಿನ ಮೇಲೆ ಪೆನ್ಸಿಲ್ ಅಡ್ಡ ಇಟ್ಟು ಒತ್ತಬೇಕು. ಕೈ ಎಳೆದುಕೊಂಡರೆ ಕರೆಯಬೇಕು. ನನ್ನ ಚೀಲದಲ್ಲಿ ಮಕ್ಕಳ ಪುಸ್ತಕ ತಿದ್ದುವ ಕೆಂಪು ಪೆನ್ಸಿಲ್ ಇತ್ತು. ಅದರಲ್ಲೇ ಒತ್ತಿದೆ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಗಂಡನ ಬೆರಳನ್ನು ನೋಯಿಸಲಿಕ್ಕೆ ಒತ್ತಬೇಕು. ಮೊದಮೊದಲು ಮೆಲ್ಲಗೆ ಒತ್ತುತ್ತಿದ್ದೆ. "ಹಾಗಲ್ಲ, ಸಮಾ ಒತ್ತಿ" ಎಂದು ಸಿಸ್ಟರ್ ಬೈದರು. ಸಂಜೆಗೆ ಉಗುರಿನ ಬುಡ ಕಪ್ಪಾಯಿತು. ಕೈ ಅಲುಗಲಿಲ್ಲ.

ಮರುದಿನವೂ ಹಾಗೆಯೇ. ಮಧ್ಯಾಹ್ನ ಅಕ್ಕ ನನ್ನ ಬಳಿ ಬಂದು ಕೂತರು. ತುಂಬ ಹೊತ್ತು ಆ ಪೆನ್ಸಿಲನ್ನೇ ನೋಡುತ್ತಿದ್ದರು.

"ಇವನು ಚಿಕ್ಕಂದಿನಲ್ಲಿ ಕಿವಿನೋವಿಗೆ ಕೂಗ್ತಿದ್ದ" ಎಂದರು. "ಊರಿಗೆಲ್ಲ ಕೇಳುವ ಹಾಗೆ ಕೂಗ್ತಿದ್ದ. ಮುಂದೆ ಗಡಿ ಹಿಡಿಯುವ ಹುಡುಗ ಹೀಗೆ ಕೂಗಿದರೆ ಹೇಗೆ ಅಂತ ಮಾವ ಬೆತ್ತದಲ್ಲಿ ಹೊಡೆದರು. ಕೂಗು ನಿಲ್ಲುವವರೆಗೆ ಹೊಡೆದರು. ಶಬ್ದ ಹೊರಗೆ ಹೋಗಬಾರದು ಅಂತ ಬಾಗಿಲು ಹಾಕಿದ್ದು ನಾನು. ಆವತ್ತು ನಿಲ್ಲಿಸಿದವ ಮತ್ತೆ ಬಾಯಿ ಬಿಡಲೇ ಇಲ್ಲ."

ನಾನೂ ಆವತ್ತು ರೌಂಡ್ಸಿನ ಹೊತ್ತಿಗೆ ಬಾಯಿ ಬಿಡಲಿಲ್ಲ ಅಕ್ಕ ಎಂದೆ. ಅವರಿಗೆ ಗೊತ್ತಿತ್ತು. ವಾಂತಿಯ ಬೇಸಿನನ್ನು ಅವರೂ ನೋಡಿದ್ದರಂತೆ.  ಆಮೇಲೆ ಅವರು ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, "ನೀನು ಮನೆಗೆ ಹೋಗಿ ಮಿಂದು ಬಾ, ನಾನು ಒತ್ತುತ್ತೇನೆ" ಎಂದರು.

ಹಂಪನಕಟ್ಟೆಯವರೆಗೆ ನಡೆದು ಬಸ್ಸು ಹತ್ತಿದೆ. ನನ್ನ ಪಕ್ಕದಲ್ಲಿ ಒಬ್ಬ ಬ್ಯಾರಿ ಮುಸ್ಲಿಂ ಹೆಂಗಸು ಮಗುವನ್ನು ಮಡಿಲಲ್ಲಿಟ್ಟು ಕೂತಿದ್ದಳು. ಮಗುವಿಗೆ ಆಗಷ್ಟೇ ಇಂಜೆಕ್ಷನ್ ಕೊಡಿಸಿ ತಂದಿದ್ದಳಂತೆ. ಅದು ಬಸ್ಸು ಹಾರಿ ಹೋಗುವ ಹಾಗೆ ಅಳುತ್ತಿತ್ತು. ತೊಡೆ ಮುಟ್ಟಿದರೆ ಸಾಕು, ಕಾಲು ಒದ್ದು ಇನ್ನೂ ಜೋರಾಗಿ ಅಳುತ್ತಿತ್ತು. ಹಿಂದಿನ ಸೀಟಿನವರು ಗೊಣಗಿದರು. ಆಕೆ ನಾಚಿಕೊಂಡು, "ಎಂತ ಮಾಡುವುದು ಮಾರಾಯ್ರೆ, ಸುಮ್ಮನಾಗುವುದೇ ಇಲ್ಲ" ಎಂದಳು.

"ಅಳಲಿ ಬಿಡು. ಸುಮ್ಮನಿರಿಸಬೇಡ" ಎಂದೆ. ಅಷ್ಟು ಹೇಳುವಾಗ ನನಗೇ ಅಳು ಬಂತು. ನಾಲ್ಕು ದಿನದಿಂದ ಬಾರದ ಅಳು, ಬಸ್ಸಿನಲ್ಲಿ, ಎಲ್ಲರ ಎದುರು. ಆ ಹೆಂಗಸು ತನ್ನ ಮಗುವನ್ನು ಬಿಟ್ಟು ನನ್ನ ಬೆನ್ನು ಸವರಿದಳು. ನನಗೆ ಆ ಮಗುವಿನ ಮೇಲೆ ಹೊಟ್ಟೆಕಿಚ್ಚಾಯಿತು. ನೋಯುತ್ತದೆ ಎಂದು ಅದಕ್ಕೆ ಗೊತ್ತು, ನೋಯುತ್ತದೆ ಎಂದು ಹೇಳಲೂ ಅದಕ್ಕೆ ಗೊತ್ತು.

ಇಳಿಯಬೇಕಾದ ಸ್ಟಾಪು ದಾಟಿಹೋಯಿತು. ಮುಂದೆ ಎಲ್ಲೋ ಇಳಿದು, ಮನೆಗೆ ಹೋಗದೆ ನೇರ ಮಂದಿರಕ್ಕೆ ನಡೆದೆ. ಬಾಗಿಲು ಹಾಕಿತ್ತು. ಮೀಯದೆ ಒಳಗೆ ಹೋಗುವಂತೆಯೂ ಇರಲಿಲ್ಲ. ಹೊರಗಿನ ಮೆಟ್ಟಿಲಿನಲ್ಲಿ, ಚಪ್ಪಲಿ ಬಿಡುವ ಜಾಗದಲ್ಲಿ ಕೂತು ಕೇಳಿದೆ. ಅಮ್ಮಾ, ಮೊದಲು ಕೇಳಿದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ. ಅವರಿಗೆ ನೋವು ಕೊಡು. ಎಷ್ಟು ಬೇಕಾದರೂ ಕೊಡು. ಕೊಟ್ಟ ನೋವನ್ನು ಹೇಳುವ ಬಾಯಿ ಕೊಡು. ನಾನು ಇನ್ನು ಅದನ್ನು ಮುಚ್ಚುವುದಿಲ್ಲ.

ಹೆಂಡತಿಯಾದವಳು ದೇವರಲ್ಲಿ ಕೇಳುವ ಮಾತು ಇದಲ್ಲ ಎಂದು ನಿಮಗೆ ಅನಿಸಬಹುದು.  ಹೂವಿನ ಪೂಜೆ ಮಾಡಿಸುತ್ತೇನೆ, ಸೀರೆ ಉಡಿಸುತ್ತೇನೆ ಎಂದು ಹರಕೆ ಹೇಳಲಿಕ್ಕೆ ಮನಸ್ಸು ಬರಲಿಲ್ಲ. ಮುಚ್ಚುವುದಿಲ್ಲ ಎಂಬ ಮಾತೊಂದೇ ನನ್ನ ಹರಕೆ.

ಮರುದಿನ ಬೆಳಿಗ್ಗೆ, ಹತ್ತು ಗಂಟೆಯ ಸುಮಾರಿಗೆ, ಸಿಸ್ಟರ್ ಬಾಟಲಿ ಬದಲಿಸುತ್ತಿದ್ದರು. ಅಕ್ಕ ಕಿಟಕಿಯ ಬಳಿ ಬಟ್ಟೆ ಹಿಂಡುತ್ತಿದ್ದರು. ನಾನು ಹೊತ್ತು ನೋಡಿ ಪೆನ್ಸಿಲ್ ಇಟ್ಟು ಒತ್ತಿದೆ. ಬೆರಳು ನನ್ನ ಕೈಯೊಳಗೆ ಒಮ್ಮೆ ಮಿಸುಕಿತು. ಭ್ರಮೆ ಎಂದುಕೊಂಡು ಇನ್ನೂ ಬಲವಾಗಿ ಒತ್ತಿದೆ. ಯಜಮಾನರ ಹುಬ್ಬು ಗಂಟಾಯಿತು, ಕೈ ಸರಕ್ಕನೆ ಹಿಂದೆ ಹೋಯಿತು, ಒಣಗಿದ ತುಟಿ ತೆರೆದು ತುಳುವಿನಲ್ಲಿ ಒಂದು ಸ್ವರ ಬಂತು.

"ಬುಡ್. ಬೇನೆ ಆಪುಂಡು."

ಬಿಡು, ನೋವಾಗ್ತದೆ. ಇಪ್ಪತ್ತೆರಡು ವರ್ಷದಲ್ಲಿ ಅವರ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅಕ್ಕನ ಕೈಯಿಂದ ಬಟ್ಟೆ ಬಿತ್ತು. ಸಿಸ್ಟರ್ ಶಿಲುಬೆಯ ಗುರುತು ಮಾಡಿಕೊಂಡು ಡಾಕ್ಟರನ್ನು ಕರೆಯಲು ಓಡಿದರು. ನಾನು ಆ ಕಪ್ಪಾದ ಉಗುರನ್ನು ಕಣ್ಣಿಗೆ ಒತ್ತಿಕೊಂಡು ಕೂತುಬಿಟ್ಟೆ.

ಡಾಕ್ಟರು ಮತ್ತೆ ಎದೆ ಚಿವುಟಿದರು. ಯಜಮಾನರು ಅವರ ಕೈಯನ್ನು ತಳ್ಳಿದರು. "ಬಾವು ಇಳಿಯಲಿಕ್ಕೆ ಶುರುವಾಗಿದೆ. ನಿನ್ನೆ ನಾನು ಆಸೆ ಬಿಟ್ಟಿದ್ದೆ ಟೀಚರ್, ಈಗ ಹೇಳಬಹುದು" ಎಂದರು. ನಾನು ಎದ್ದು ನಿಂತು, ಆ ಸಂಜೆ ಸರಳು ಹಿಡಿದದ್ದು, ವಾಂತಿಯಾದದ್ದು, ನಾನು ಸುಮ್ಮನಿದ್ದದ್ದು, ಎಲ್ಲವನ್ನೂ ಹೇಳಿದೆ.  "ಆವತ್ತೇ ಹೇಳಿದ್ದರೆ ಒಂದು ರಾತ್ರಿ ಉಳೀತಿತ್ತು" ಎಂದರು ಡಾಕ್ಟರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ಒಂದು ರಾತ್ರಿ ಯಜಮಾನರ ಬಲಗೈಯ ಬಲವನ್ನೂ ಒಂದಷ್ಟು ಮಾತುಗಳನ್ನೂ ಕೊಂಡುಹೋಯಿತು. ಎಡಗಿವಿ ಈಗ ಕೇಳುವುದಿಲ್ಲ. ಫಿಟ್ಸ್ ಬಾರದಂತೆ ಮಾತ್ರೆ ತಪ್ಪಿಸುವಂತಿಲ್ಲ. ಡಿಪೋವನ್ನು ಅಕ್ಕನ ಮಗ ನೋಡಿಕೊಳ್ಳುತ್ತಿದ್ದಾನೆ. ಇದನ್ನೂ ಬರೆಯುತ್ತಿದ್ದೇನೆ, ಯಾಕೆಂದರೆ ಅಮ್ಮ ಕಾಪಾಡಿದಳು ಎಂದರೆ ಎಲ್ಲವೂ ಮೊದಲಿನ ಹಾಗಾಯಿತು ಎಂದು ಕೆಲವರು ತಿಳಿಯುತ್ತಾರೆ. ಹಾಗಾಗಲಿಲ್ಲ. ಡಾಕ್ಟರ ವಿದ್ಯೆ, ಸಿಸ್ಟರ್ ಬಿಸಿನೀರಿನಲ್ಲಿ ಹಿಡಿದ ಬಾಟಲಿಗಳು, ಇವನ್ನೆಲ್ಲ ಅವರಿಂದ ಕಸಿದು ಅಮ್ಮನ ಹೆಸರಿಗೆ ಬರೆಯಲಿಕ್ಕೂ ನಾನು ತಯಾರಿಲ್ಲ. ಆದರೆ ಆ ಮಾತು, ಬೇನೆ ಆಪುಂಡು ಎಂಬ ಆ ಮಾತು ಯಾವ ಬಾಟಲಿಯಲ್ಲೂ ಇರಲಿಲ್ಲ. ನಾನು ಮೆಟ್ಟಿಲಿನಲ್ಲಿ ಕೂತು ಕೇಳಿದ್ದು ಅದನ್ನು, ಸಿಕ್ಕಿದ್ದೂ ಅದೇ.

ಅಕ್ಕ ಅಂದು ಹಾಕಿದ ಬಾಗಿಲು ಒಮ್ಮೆ ತೆರೆದ ಮೇಲೆ ಮತ್ತೆ ಮುಚ್ಚಲಿಲ್ಲ. ಆರು ವಾರ ದಿನಾ ಪೆನ್ಸಿಲಿನ್ ಇಂಜೆಕ್ಷನ್. ಪ್ರತಿಯೊಂದಕ್ಕೂ ಅವರು ಕೂಗಿದರು. "ಎಂತ ಧಣಿಗಳೇ, ತಲೆಗೆ ತೂತು ಕೊರೆದಾಗ ಸುಮ್ಮನಿದ್ದವರು ಈ ಸಣ್ಣ ಸೂಜಿಗೆ ಬೊಬ್ಬೆ ಹಾಕ್ತೀರಲ್ಲ" ಎಂದು ಸಿಸ್ಟರ್ ತಮಾಷೆ ಮಾಡಿದರೆ, ಇವರು ತಡವರಿಸುತ್ತಾ, "ಆವತ್ತಿನದ್ದೂ ಬಾಕಿ ಉಂಟು" ಎಂದರು.

ಮುಂದಿನ ಬೇಸಿಗೆಯಲ್ಲಿ ನೇಮ ಬಂತು. ಗಡಿಯವರು ನಿಲ್ಲುವ ಜಾಗದಲ್ಲಿ ಅವರನ್ನು ಅಕ್ಕನ ಮಗ ತೋಳು ಹಿಡಿದು ನಿಲ್ಲಿಸಿದ. ದೈವ ಎದುರು ಬಂದು ಎಂದಿನಂತೆ ಸುಖವೋ ಎಂದು ಕೇಳಿತು. ಊರೇ ಸೇರಿತ್ತು. ಯಜಮಾನರು ಮಾತು ಹುಡುಕಿದರು, ಸಿಕ್ಕದೆ ತಡವರಿಸಿದರು. ನನ್ನ ಪಕ್ಕದಲ್ಲಿ ನಿಂತ ಅಕ್ಕ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಬಳೆ ಒಡೆಯಿತು. "ನೋವು ಉಂಟು" ಎಂದರು ಯಜಮಾನರು. "ಚಿಕ್ಕಂದಿನಿಂದ ಉಂಟು."

  ದೈವ ಹತ್ತಿರ ಬಂದು, ಮುಂಡಾಸು ಸರಿಸಿ, ಎಡಗಿವಿಯ ಮೇಲೆ ಬುರುಡೆ ಕೊರೆದಲ್ಲಿ ಬಿದ್ದ ಕುಳಿಗೆ ಗಂಧ ಹಚ್ಚಿ, ಅಂಗೈಯನ್ನು ಅಲ್ಲೇ ಇಟ್ಟುಕೊಂಡಿತು. ಇಷ್ಟು ಮೊದಲೇ ಹೇಳಬಾರದಿತ್ತೇ ಮಗನೇ ಎಂದು ಕೇಳಿತು. ಅಕ್ಕ ಅಲ್ಲೇ ನೆಲಕ್ಕೆ ಕೂತು ಎಲ್ಲರ ಎದುರು ದೊಡ್ಡ ಸ್ವರದಲ್ಲಿ ಅತ್ತರು. ಯಾರೂ ಅವರನ್ನು ಸುಮ್ಮನಿರಿಸಲಿಲ್ಲ.

ಅಮ್ಮನ ಮಕ್ಕಳೇ, ನಿಮ್ಮ ಮನೆಯಲ್ಲಿ ಎಂತದ್ದೂ ಇಲ್ಲ ಎನ್ನುವವರಿದ್ದರೆ ಅವರ ಗೆಣ್ಣನ್ನು ನೋಡಿ. ನನಗೆ ಹೇಳಲಿಕ್ಕಿರುವುದು ಅಷ್ಟೇ. ಈಗಲೂ ಕೆಲವು ಬೆಳಿಗ್ಗೆ ಯಜಮಾನರು ಹಾಸಿಗೆಯಲ್ಲಿ ಎದ್ದು ಕೂತು, ತಲೆ ಹಿಡಿದುಕೊಂಡು, "ಇವತ್ತು ನೋವುಂಟು ಮಾರಾಯ್ತಿ" ಎನ್ನುತ್ತಾರೆ. ನಾನು ಮೊದಲು ಅಮ್ಮನ ಪಟಕ್ಕೆ ಕೈಮುಗಿಯುತ್ತೇನೆ. ಆಮೇಲೆ ಮಾತ್ರೆ ಹುಡುಕುತ್ತೇನೆ.